ಹೊಟ್ಟೆಯ ಲೆಕ್ಕ ಬೇರೆ, ಚರ್ಮದ ಲೆಕ್ಕ ಬೇರೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಇಸುಬಿನ ಬಗ್ಗೆ ಒಂದು ಬರಹ ಬಂದಿತ್ತು. ಹಾಲು, ಮೊಟ್ಟೆ, ಗೋಧಿ ಬಿಟ್ಟರೆ ಸಾಕು, ಚರ್ಮ ತಾನಾಗಿ ತಿಳಿಯಾಗುತ್ತದೆ ಎಂಬುದು ಅದರ ಸಾರ. ನಾನು ಪತ್ರಿಕೆ ಬಿಡಿಸುವ ಮೊದಲೇ ನನ್ನ ತಂಗಿ ಅದನ್ನು ಓದಿ, ಫೋಟೋ ತೆಗೆದು, ನನಗೆ ಕಳಿಸಿಯಾಗಿತ್ತು. ಅವಳ ಮಗುವಿಗೆ 14 ತಿಂಗಳು. ಕೆನ್ನೆ ಮೇಲೆ, ಮೊಣಕೈ ಮಡಿಕೆಯಲ್ಲಿ ಕೆಂಪಗೆ ಎದ್ದಿದೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಫೋಟೋ ಕೆಳಗೆ ಒಂದೇ ಸಾಲು ಬರೆದಿದ್ದಳು: "ಅಕ್ಕಾ, ನಾಳೆಯಿಂದ ಪಾಪುಗೆ ಇದೆಲ್ಲ ನಿಲ್ಲಿಸ್ತೀನಿ. ನೀನೂ ಬಿಟ್ಟಿದ್ದೆ ಅಲ್ವಾ?"

ಹೌದು, ಬಿಟ್ಟಿದ್ದೆ. ಬಿಟ್ಟು ಏನಾಯಿತು ಅನ್ನೋದನ್ನ ಅವಳಿಗೆ ಸರಿಯಾಗಿ ಹೇಳಿರಲಿಲ್ಲ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿಸಬೇಕೆಂದರೆ ನನ್ನ ಗೋಳನ್ನು ಕತ್ತರಿಸಿ, ಪರೀಕ್ಷೆಗಳ ಭಾಗ ಬಿಡಿ.

ನಾನು ಒಂದು ಬ್ಯಾಂಕಿನಲ್ಲಿ ಕ್ಯಾಶಿಯರ್. ವಯಸ್ಸು 43. ಇಸುಬು ನನಗಿಂತ ಒಂದು ವರ್ಷ ಚಿಕ್ಕದು. ಡಾಕ್ಟರು ಚೀಟಿಯಲ್ಲಿ ಎಕ್ಸಿಮಾ ಅಂತ ಬರೆಯುತ್ತಾರೆ, ನವೆ ಮಾತ್ರ ಅದೇ. ಕುತ್ತಿಗೆ, ಮೊಣಕೈ, ಮಂಡಿಯ ಹಿಂದೆ ಚಿಕ್ಕಂದಿನಿಂದ ಇದೆ. ಬಟ್ಟೆಯೊಳಗೆ ಇದ್ದಷ್ಟು ದಿನ ಹೇಗೋ ನಡೆಯಿತು. ಆರು ವರ್ಷದ ಹಿಂದೆ ಕೈಗೆ ಇಳಿಯಿತು.

ಕೌಂಟರಿನಲ್ಲಿ ಕೂತವಳ ಮುಖ ಯಾರೂ ನೋಡುವುದಿಲ್ಲ, ಕೈ ನೋಡುತ್ತಾರೆ. ಬೆರಳ ತುದಿಯಲ್ಲಿ ಬಿರುಕು, ಗೆಣ್ಣಿನ ಮೇಲೆ ಹಕ್ಕಳೆ, ಮೇಜಿನ ಗಾಜಿನ ಮೇಲೆ ಉದುರಿದ ಬಿಳಿ ಹೊಟ್ಟು. ಹೊಸ ನೋಟಿನ ಅಂಚು ಬಿರುಕಿನೊಳಗೆ ಸೇರಿದರೆ ಬ್ಲೇಡು ಎಳೆದ ಹಾಗಾಗುತ್ತದೆ. ಒಮ್ಮೆ ನೋಟಿನ ಕಟ್ಟಿನ ಮೇಲೆ ರಕ್ತದ ಚುಕ್ಕಿ ಬಿತ್ತು. ಎದುರಿಗಿದ್ದವರು "ಈ ನೋಟು ಬೇಡ, ಬೇರೆ ಕೊಡಿ" ಅಂದರು. ತಪ್ಪೇನಿಲ್ಲ, ನಾನಾದರೂ ಅದನ್ನೇ ಹೇಳುತ್ತಿದ್ದೆ. ಕೆಲವರು ದುಡ್ಡನ್ನು ಕೈಗೆ ಕೊಡುವ ಬದಲು ಮೇಜಿನ ಮೇಲಿಟ್ಟು ತಳ್ಳುತ್ತಾರೆ. ಇಸುಬು ಅಂಟುವ ರೋಗವಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಈಗ ಹೇಳುವುದನ್ನೇ ಬಿಟ್ಟಿದ್ದೇನೆ.

ಇನ್ನು ಕೆಲವರು ಬಾಗಿ, ದನಿ ತಗ್ಗಿಸಿ, "ಮೇಡಂ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ" ಅನ್ನುತ್ತಾರೆ. ಆಗಲೇ ಗೊತ್ತಾಗುತ್ತದೆ, ಒಂದು ಮದ್ದು ಬರುತ್ತಿದೆ ಅಂತ. ಚಲನ್ ಹಿಂದೆ ಬರೆದುಕೊಟ್ಟ ಮದ್ದುಗಳದೇ ಒಂದು ಕಂತೆ ನನ್ನ ಡ್ರಾಯರಿನಲ್ಲಿದೆ. ಎಲ್ಲರದೂ ಒಳ್ಳೆ ಮನಸ್ಸೇ. ಕಷ್ಟ ಏನಪ್ಪಾ ಅಂದ್ರೆ, ನಾನು ಅವನ್ನೆಲ್ಲ ಮಾಡಿದೆ.

ಹೋಮಿಯೋಪಥಿ ಗುಳಿಗೆ 16 ತಿಂಗಳು. ಕಹಿ ಕಷಾಯ ಒಂದು ವರ್ಷ. ವಿನೆಗರ್ ನೀರಿನಲ್ಲಿ ಕೈ ಅದ್ದುವುದು ಒಂದೇ ದಿನ, ಉರಿ ತಾಳಲಾಗಲಿಲ್ಲ. ಆಲಿವ್ ಎಣ್ಣೆ ಹಚ್ಚಿದೆ. ಅದು ಚರ್ಮದ ಮೇಲ್ಪದರವನ್ನು ಇನ್ನಷ್ಟು ಸಡಿಲ ಮಾಡುತ್ತದೆ ಅಂತ ಆಮೇಲೆ ತಿಳಿಯಿತು. ಈವ್ನಿಂಗ್ ಪ್ರಿಮ್‌ರೋಸ್ ಎಂಬ ಹೂಗಿಡದ ಬೀಜದ ಎಣ್ಣೆಯ ಮಾತ್ರೆ ಎಂಟು ತಿಂಗಳು ನುಂಗಿದೆ. ಈ ಎಣ್ಣೆ ಮತ್ತು ಬೋರೇಜ್ ಎಂಬ ಇನ್ನೊಂದು ಗಿಡದ ಎಣ್ಣೆಯ ಬಗ್ಗೆ ನಡೆದ 27 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2013ರಲ್ಲಿ ಒಟ್ಟಿಗೆ ಇಟ್ಟು ನೋಡಿತ್ತು. ಮದ್ದಿಲ್ಲದ ಖಾಲಿ ಮಾತ್ರೆಗಿಂತ ಇವು ಹೆಚ್ಚೇನೂ ಮಾಡಲಿಲ್ಲ ಅನ್ನುವುದೇ ಸಿಕ್ಕ ಉತ್ತರ. ನಾನು ನುಂಗಿದ್ದು ಅದಾದ ಎಷ್ಟೋ ವರ್ಷದ ಮೇಲೆ.

ಎಲ್ಲ ಬದಲಿ ಮದ್ದೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಇಸುಬಿರುವ 117 ಮಕ್ಕಳಿಗೆ ಎಂಟು ವಾರ ಎಣ್ಣೆ ಹಚ್ಚಿ ನೋಡಿದರು. ಕೆಲವರಿಗೆ ಶುದ್ಧ ತೆಂಗಿನೆಣ್ಣೆ, ಉಳಿದವರಿಗೆ ಮಿನರಲ್ ಎಣ್ಣೆ. ತೆಂಗಿನೆಣ್ಣೆ ಹಚ್ಚಿದವರಿಗೆ ಜಾಸ್ತಿ ಗುಣ ಕಂಡಿತು. 2014ರಲ್ಲಿ ಅಚ್ಚಾದ ವರದಿ. ಪರೀಕ್ಷೆಗೆ ಹಾಕಿ ಗೆದ್ದರೆ ಅದನ್ನು ಬದಲಿ ಅಂತ ಯಾಕೆ ಕರೆಯಬೇಕು, ಮದ್ದು ಅಂದರಾಯಿತು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಗುಳಿಗೆ ತಿಂದು ಎರಡನೇ ವಾರ ಮೈಯೆಲ್ಲ ಉರಿ ಎದ್ದಿತು. "ಒಳಗಿನ ಹೊಲಸು ಹೊರಗೆ ಬರ್ತಿದೆ, ಒಳ್ಳೇದೇ" ಅಂದರು ಗುಳಿಗೆ ಕೊಟ್ಟವರು. ನಾಲ್ಕನೇ ವಾರ ಕಡಿಮೆಯಾಯಿತು. "ನೋಡಿ, ಔಷಧಿ ಕೆಲಸ ಮಾಡ್ತಿದೆ" ಅಂದರು. ಆರನೇ ವಾರ ಮತ್ತೆ ಬಂತು. "ಪಥ್ಯ ಸರಿಯಾಗಿ ಮಾಡಿಲ್ಲ ನೀವು" ಅಂದರು. ಏರಿದರೂ ಸರಿ, ಇಳಿದರೂ ಸರಿ, ಮತ್ತೆ ಬಂದರೆ ನನ್ನ ತಪ್ಪು. ಯಾವ ಕಡೆಯಿಂದ ಕೂಡಿದರೂ ತಾಳೆಯಾಗುವ ಲೆಕ್ಕ ಕಂಡರೆ ಕ್ಯಾಶಿಯರ್‌ಗೆ ಅನುಮಾನ ಬರಬೇಕು. ನನಗೆ ಬರಲಿಲ್ಲ. ಇಸುಬಿನ ಸ್ವಭಾವವೇ ಏರುವುದು, ಇಳಿಯುವುದು. ತೀರಾ ಜಾಸ್ತಿಯಾದಾಗಲೇ ನಾವು ಹೊಸ ಮದ್ದು ಹುಡುಕುತ್ತೇವೆ. ಅದು ಆಮೇಲೆ ತಾನಾಗಿ ಇಳಿದರೂ ಹೆಸರು ಮದ್ದಿಗೆ.

ಒಂದು ಮುಲಾಮು ಮಾತ್ರ ನಿಜವಾಗಿ ಕೆಲಸ ಮಾಡಿತು. ಸೊಪ್ಪಿನಿಂದ ಮಾಡಿದ್ದು, ಅಡ್ಡ ಪರಿಣಾಮ ಇಲ್ಲ ಅಂದಿದ್ದರು. ಚಿಕ್ಕ ಬಿಳಿ ಡಬ್ಬಿ, ಒಳಗೇನಿದೆ ಅಂತ ಚೀಟಿಯಲ್ಲಿ ಒಂದಕ್ಷರ ಇಲ್ಲ. ಮೂರೇ ದಿನಕ್ಕೆ ಕುತ್ತಿಗೆ ನುಣುಪಾಯಿತು. ನಾನು ಕುಣಿದಾಡಿದೆ. ಸ್ಟೀರಾಯ್ಡ್ ಮುಲಾಮಿಗೆ ಹೆದರಿ ಎಷ್ಟೋ ವರ್ಷದಿಂದ ಚರ್ಮದ ಡಾಕ್ಟರ ಕಡೆ ತಲೆ ಹಾಕಿರಲಿಲ್ಲ ನೋಡಿ. ಐದು ತಿಂಗಳು ಹಚ್ಚಿದೆ, ಮುಖಕ್ಕೂ. ಡಬ್ಬಿ ಮುಗಿದು ಒಂದು ವಾರಕ್ಕೆ ಮುಖ ಬೆಂದ ಹಾಗೆ ಕೆಂಪಾಯಿತು. ಆಗ ಡಾಕ್ಟರ ಹತ್ತಿರ ಓಡಿದೆ. ಅವರು ನನ್ನ ಕೆನ್ನೆಯನ್ನು ದೀಪದ ಕೆಳಗೆ ನೋಡಿ, ತೆಳುವಾದ ಚರ್ಮ, ಅದರಲ್ಲಿ ಎದ್ದ ಕೆಂಪು ಎಳೆಗಳನ್ನು ತೋರಿಸಿ, "ಇದು ಬರೀ ಸೊಪ್ಪಿನ ಕೆಲಸ ಅಲ್ಲಮ್ಮ" ಅಂದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಥ 24 ಗಿಡಮೂಲಿಕೆ ಮುಲಾಮುಗಳನ್ನು ಪ್ರಯೋಗಾಲಯಕ್ಕೆ ಹಾಕಿ ನೋಡಿದಾಗ 20ರಲ್ಲಿ ಸ್ಟೀರಾಯ್ಡ್ ಸಿಕ್ಕಿತ್ತು. 2003ರ ವರದಿ. ಹೆದರಿ ದೂರ ಇಟ್ಟಿದ್ದನ್ನೇ ನಾನು ಅಳತೆ ಗೊತ್ತಿಲ್ಲದೆ ಮುಖಕ್ಕೆ ಬಳಿದುಕೊಂಡಿದ್ದೆ ಅಂತ ಕಾಣುತ್ತದೆ.

ಅಷ್ಟಾದರೂ ಬುದ್ಧಿ ಬಂತಾ? ಇಲ್ಲ. ಮುಲಾಮಿನಿಂದ ಸೋತವಳು ಊಟದ ಕಡೆ ತಿರುಗಿದೆ.

ಇದಕ್ಕೊಂದು ಕಾರಣವಿತ್ತು. ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬರಿಸುತ್ತಿತ್ತು. ಗುಡುಗುಡು ಸದ್ದು, ಒಂದು ಗಂಟೆಯಲ್ಲಿ ಓಡಬೇಕು. ಇದು ನಿಜ, ಕಲ್ಪನೆ ಅಲ್ಲ. ಹೊಟ್ಟೆಯೂ ಕೆಟ್ಟಿದೆ, ಚರ್ಮವೂ ಕೆಟ್ಟಿದೆ, ಅಂದರೆ ಒಂದರಿಂದಲೇ ಇನ್ನೊಂದು ಅಂತ ನನ್ನ ತಲೆ ತೀರ್ಮಾನ ಮಾಡಿಬಿಟ್ಟಿತು. ಯಾರೋ ಒಂದು ರಕ್ತಪರೀಕ್ಷೆ ಹೇಳಿದರು. ಕೊರಿಯರಿನಲ್ಲಿ ವರದಿ ಬಂತು: ನನಗೆ ಆಗದ ಪದಾರ್ಥಗಳು 43. ನನ್ನ ವಯಸ್ಸಿಗೂ ಪಟ್ಟಿಗೂ ತಾಳೆಯಾಯಿತು ಅಂತ ಮನೆಯಲ್ಲಿ ನಗಾಡಿದರು. ನಾನು ನಗಲಿಲ್ಲ. ಹಾಲು, ಮೊಸರು, ಮೊಟ್ಟೆ, ಗೋಧಿ, ಕಡಲೆಕಾಯಿ, ಸೋಯಾ, ಮೀನು, ಟೊಮೇಟೊ, ಬಾಳೆಹಣ್ಣು ಒಂದೇ ದಿನ ನಿಂತವು.

ಆ ಪರೀಕ್ಷೆ ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು. ಒಂದು ಪದಾರ್ಥವನ್ನು ನಾವು ತಿನ್ನುತ್ತಿದ್ದೇವೆ, ಮೈ ಅದನ್ನು ಕಂಡಿದೆ ಅನ್ನುವುದಷ್ಟೇ ಅದರ ಅರ್ಥ. ಅಲರ್ಜಿಯಾಗಲಿ, ಆಗದಿರುವಿಕೆಯಾಗಲಿ ಅದರಿಂದ ತಿಳಿಯುವುದಿಲ್ಲ, ಇದನ್ನು ಮಾಡಿಸಬೇಡಿ ಅಂತ ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿದೆ. ನನ್ನ ಪಟ್ಟಿಯಲ್ಲಿದ್ದದ್ದು ನಾನು ದಿನಾ ತಿನ್ನುತ್ತಿದ್ದ ಪದಾರ್ಥಗಳು. ಬೇರೇನೂ ಅಲ್ಲ.

ಏಳು ತಿಂಗಳಲ್ಲಿ 9 ಕೆಜಿ ಇಳಿದೆ. ಬಾಚಣಿಗೆ ತುಂಬ ಕೂದಲು. ಮೊದಲ ತಿಂಗಳು ಹೊಟ್ಟೆ ಹಗುರವಾಗಿತ್ತು, ಅದು ಹಾಲು ಬಿಟ್ಟಿದ್ದಕ್ಕೆ. ಚರ್ಮ ಮಾತ್ರ ಹಾಗೇ ಇತ್ತು. ಯಾರಾದರೂ ಕೇಳಿದರೆ "ಸ್ವಲ್ಪ ಪರವಾಗಿಲ್ಲ" ಅನ್ನುತ್ತಿದ್ದೆ. ಅಷ್ಟು ಬಿಟ್ಟ ಮೇಲೆ ಏನೂ ಆಗಿಲ್ಲ ಅಂತ ಹೇಳಲು ಬಾಯಿ ಬರುವುದಿಲ್ಲ. ತಂಗಿಗೂ ಹಾಗೇ ಹೇಳಿದ್ದೆ.

ಒಂದು ಸಂಜೆ ಕ್ಯಾಶ್ ತಾಳೆಯಾಗಲಿಲ್ಲ. ಮೂರು ಸಲ ಎಣಿಸಿದೆ, ಮೂರು ಸಲ ಬೇರೆ ಬೇರೆ ಮೊತ್ತ. ನಾಲ್ಕನೇ ಸಲ ಎಣಿಸುವಾಗ ನಡುವೆ ಎಲ್ಲಿದ್ದೇನೆಂದೇ ಮರೆತೆ. ಪಕ್ಕದ ಸಹೋದ್ಯೋಗಿ ಕಟ್ಟುಗಳನ್ನು ತನ್ನ ಕಡೆ ಎಳೆದುಕೊಂಡು ಎಣಿಸಿದರು, ಎಲ್ಲ ಸರಿ ಇತ್ತು. ಆಮೇಲೆ ನನ್ನ ಮುಖ ನೋಡಿ, "ಮೇಡಂ, ಹೊಟ್ಟೆ ತುಂಬ ಊಟ ಮಾಡಿ ಎಷ್ಟು ದಿನ ಆಯ್ತು?" ಅಂದರು. ಮರುದಿನ ರಜೆ ಹಾಕಿ ಹೊಟ್ಟೆಯ ಡಾಕ್ಟರ ಹತ್ತಿರ ಹೋದೆ. ರಕ್ತದಲ್ಲಿ ಕಬ್ಬಿಣವೂ ಇಲ್ಲ, ಬಿ12 ಕೂಡ ತಳ ಕಂಡಿತ್ತು.

ಅವರು ಎರಡು ಪರೀಕ್ಷೆ ಮಾಡಿಸಿದರು. ಮೊದಲನೆಯದು ಉಸಿರಿನದು. ಖಾಲಿ ಹೊಟ್ಟೆಯಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಕರಗಿಸಿದ ನೀರು ಕುಡಿಸಿ, ಅರ್ಧ ಗಂಟೆಗೊಮ್ಮೆ ಒಂದು ಕೊಳವೆಗೆ ಊದಿಸುತ್ತಾರೆ. ಈ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ನಮ್ಮಲ್ಲಿ ಕಡಿಮೆ ಇದ್ದರೆ ಅದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಹೈಡ್ರೋಜನ್ ಮಾಡುತ್ತವೆ, ಅದು ಉಸಿರಿನಲ್ಲಿ ಬರುತ್ತದೆ. ನನ್ನ ಅಂಕಿ ಎರಡನೇ ಗಂಟೆಗೆ ಜಿಗಿಯಿತು. ಜೊತೆಗೆ ಹೊಟ್ಟೆಯ ಗುಡುಗು ಬೇರೆ, ನರ್ಸ್‌ಗೂ ಕೇಳಿಸಿತು! ಇದು ಅಲರ್ಜಿ ಅಲ್ಲ. ಜಗತ್ತಿನಲ್ಲಿ ದೊಡ್ಡವರಾದ ಮೇಲೆ ಹೀಗಿರುವವರೇ ಹೆಚ್ಚು. ಪೂರ್ತಿ ಬಿಡಬೇಕಾಗಿಯೂ ಇಲ್ಲ. ಒಂದು ಲೋಟದೊಳಗೆ, ಊಟದ ಜೊತೆ, ಬಹಳ ಜನಕ್ಕೆ ಸರಿಹೋಗುತ್ತದೆ. ಮೊಸರು ನನಗೆ ಏನೂ ಮಾಡುವುದಿಲ್ಲ.

ಎರಡನೆಯದು ಗೋಧಿಯದು. ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಲ್ಲಿರುವ ಗ್ಲೂಟನ್‌ನಿಂದ ಸಣ್ಣ ಕರುಳು ಕೆಡುವ ಕಾಯಿಲೆ, ಇದೆಯಾ ನೋಡಬೇಕಿತ್ತು. ತಮಾಷೆ ಏನೆಂದರೆ, ಗೋಧಿ ಬಿಟ್ಟವರಿಗೆ ಆ ರಕ್ತಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಹಾಗಾಗಿ ಆರು ವಾರ ದಿನಾ ಗೋಧಿ ತಿಂದು ಬನ್ನಿ ಅಂದರು. ಹೆದರಿಕೊಂಡೇ ತಿಂದೆ. ಏನೂ ಆಗಲಿಲ್ಲ, ಪರೀಕ್ಷೆಯಲ್ಲೂ ಏನೂ ಇಲ್ಲ. ಗೋಧಿ ಬಿಡುವ ಯೋಚನೆಯಲ್ಲಿರುವವರು ದಯವಿಟ್ಟು ಮೊದಲು ಈ ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ.

ಹಾಗಾದರೆ ಕೈಗೆ ಏನಾಗಿತ್ತು? ಇದನ್ನು ಕಂಡುಹಿಡಿದದ್ದು ಚರ್ಮದ ಡಾಕ್ಟರು. ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿದರು. ಒಂದೊಂದು ಚಿಕ್ಕ ಬಟ್ಟಲಿನಲ್ಲೂ ಒಂದೊಂದು ವಸ್ತು. ಎರಡು ದಿನ ಸ್ನಾನ ಇಲ್ಲ, ಬೆವರುವಂತಿಲ್ಲ, ಕೆರೆಯುವಂತಿಲ್ಲ. ಇಸುಬಿನವಳಿಗೆ ಕೆರೆಯಬೇಡ ಅನ್ನುವುದು! ಬೆನ್ನನ್ನು ಬಾಗಿಲ ಚೌಕಟ್ಟಿಗೆ ತಾಗಿಸಿ ನಿಂತು, ಉಜ್ಜದೆ ವಾಪಸ್ ಬಂದದ್ದು ಎಷ್ಟು ಸಲವೋ. 48 ಗಂಟೆಗೆ ಪಟ್ಟಿ ತೆಗೆದು ನೋಡಿದರು, ಎರಡು ದಿನ ಬಿಟ್ಟು ಮತ್ತೆ ನೋಡಿದರು. ಎರಡು ಕಡೆ ಕೆಂಪಗೆ ಉಬ್ಬಿತ್ತು. ಒಂದು, ಟೀ ಟ್ರೀ ಎಂಬ ಮರದ ಎಲೆಯ ಎಣ್ಣೆ. ಇದನ್ನೂ ಹಚ್ಚುತ್ತಿದ್ದೆ, ಹೇಳುವುದು ಮರೆತೆ. ಬಾಟಲಿ ತೆರೆದಿಟ್ಟು ಹಳೆಯದಾದಷ್ಟೂ ಅದು ಜಾಸ್ತಿ ಅಲರ್ಜಿ ಮಾಡುತ್ತದಂತೆ. ಇನ್ನೊಂದು, ಥಯುರಾಮ್. ರಬ್ಬರನ್ನು ಗಟ್ಟಿ ಮಾಡುವಾಗ ಬೆರೆಸುವ ರಾಸಾಯನಿಕ.

ರಬ್ಬರ್ ಅಂದ ಕೂಡಲೇ ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ಬಿರುಕಿನೊಳಗೆ ನೋಟು ಸೇರದಿರಲಿ ಅಂತ ಆರು ವರ್ಷದಿಂದ ಬೆರಳಿಗೆ ರಬ್ಬರ್ ಟೋಪಿ ಹಾಕುತ್ತಿದ್ದೆ. ಟೋಪಿಯಿಂದ ನವೆ, ನವೆಯಿಂದ ಬಿರುಕು, ಬಿರುಕಿಗೆಂದು ಮತ್ತೆ ಟೋಪಿ. ಅದರ ಪಕ್ಕ ಒದ್ದೆ ಸ್ಪಂಜಿನ ಡಬ್ಬಿ. ದಿನಕ್ಕೆ ನೂರಾರು ಸಲ ಒದ್ದೆಯಾಗಿ ಒಣಗುವ ಬೆರಳು ಒಡೆಯದೆ ಇರುತ್ತದಾ? ಕೌಂಟರಿನ ಮೇಲೆ, ಕಣ್ಣೆದುರೇ ಇದ್ದವು. ನಾನು ತಟ್ಟೆಯಲ್ಲಿ ಹುಡುಕುತ್ತಿದ್ದೆ.

ಟೋಪಿ ತೆಗೆದೆ, ಸ್ಪಂಜು ಬಿಟ್ಟೆ, ಎಣಿಸುವ ಯಂತ್ರಕ್ಕೆ ಬದಲಾಯಿಸಿಕೊಂಡೆ. ಕೈ ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಸುಧಾರಿಸಿತು. ಕುತ್ತಿಗೆ, ಮೊಣಕೈ ಹಾಗೇ ಇವೆ, ಅದು ಹುಟ್ಟಿನಿಂದ ಬಂದ ಚರ್ಮ. ಮೇಲ್ಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷ ಇದ್ದರೆ ಇಸುಬು ಬರುವ ಸಂಭವ ಜಾಸ್ತಿ ಅನ್ನುವುದು 2006ರಲ್ಲಿ ತಿಳಿಯಿತು. ನೀರು ಹೊರಗೆ ಸೋರುತ್ತದೆ, ಕೆರಳಿಸುವ ವಸ್ತುಗಳು ಒಳಗೆ ನುಗ್ಗುತ್ತವೆ. ಅದಕ್ಕೇ ಸ್ನಾನ ಆದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ, ಸುವಾಸನೆ ಇಲ್ಲದ ಜಿಡ್ಡು ಮುಲಾಮು ಧಾರಾಳವಾಗಿ ಹಚ್ಚುತ್ತೇನೆ. ಕೆಂಪು ಎದ್ದಾಗ ಮಾತ್ರ ಸ್ಟೀರಾಯ್ಡ್, ಅದಕ್ಕೂ ಅಳತೆ ಇದೆ: ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಈ ಅಳತೆಯನ್ನು ಯಾರಾದರೂ ಮೊದಲೇ ತೋರಿಸಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ.

ಈಗ ತಂಗಿಯ ಮಗುವಿನ ವಿಷಯ. ಚಿಕ್ಕ ಮಕ್ಕಳಲ್ಲಿ, ಅದರಲ್ಲೂ ಇಸುಬು ಜೋರಾಗಿದ್ದರೆ, ಹಾಲು, ಮೊಟ್ಟೆಯ ಅಲರ್ಜಿ ನಿಜವಾಗಿ ಇರಬಹುದು. ತಿಂದ ಸ್ವಲ್ಪ ಹೊತ್ತಿಗೇ ದದ್ದು, ತುಟಿ ಊತ, ವಾಂತಿ, ಉಸಿರಿನ ಕಷ್ಟ ಬಂದರೆ ಅದು ತಮಾಷೆಯಲ್ಲ, ಆಸ್ಪತ್ರೆಗೆ ಓಡಬೇಕು. ಆದರೆ ಹಾಲು, ಮೊಟ್ಟೆ ತಿಂದು ಆರಾಮಾಗಿರುವ ಮಗುವಿಗೆ ಸುಮ್ನೆ ನಿಲ್ಲಿಸುವುದು ಬೇರೆ ಅಪಾಯ. ಬಿಟ್ಟು ಬಿಟ್ಟು, ತಿಂಗಳುಗಳ ಮೇಲೆ ಮತ್ತೆ ಕೊಟ್ಟಾಗ ಇಲ್ಲದ ಅಲರ್ಜಿ ಎದ್ದು ಕೂತ ಮಕ್ಕಳಿದ್ದಾರೆ. 2015ರಲ್ಲಿ ಲೀಪ್ ಎಂಬ ಅಧ್ಯಯನ ಬಂತು. ಜೋರು ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧ ಜನಕ್ಕೆ ಕಡಲೆಕಾಯಿ ಪದಾರ್ಥ ತಿನ್ನಿಸಿದರು, ಉಳಿದವರಿಗೆ ಐದು ವರ್ಷ ತುಂಬುವವರೆಗೆ ದೂರ ಇಟ್ಟರು. ಕಡಲೆಕಾಯಿ ಅಲರ್ಜಿ ಬಹಳ ಹೆಚ್ಚು ಕಂಡದ್ದು ದೂರ ಇಟ್ಟವರಲ್ಲಿ. ಇಂಥ ಮಕ್ಕಳಿಗೆ ಮೊದಲ ಸಲ ಕೊಡುವಾಗ ಡಾಕ್ಟರನ್ನು ಕೇಳಿಯೇ ಕೊಡಬೇಕು, ಅದೂ ನಿಜ.

ತಂಗಿಗೆ ಅಂದೇ ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದೆ. "ಮತ್ತೆ ಪರವಾಗಿಲ್ಲ ಅಂದಿದ್ದೆಯಲ್ಲಾ ಅಕ್ಕ?" ಅಂದಳು. "ಸುಳ್ಳು ಹೇಳಿದ್ದೆ ಕಣೇ" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಎರಡು ದಿನ ಬಿಟ್ಟು ಮಗುವನ್ನು ಡಾಕ್ಟರಿಗೆ ತೋರಿಸಿದಳು. ಅವರು ಊಟದ ವಿಚಾರ ಪೂರ್ತಿ ಕೇಳಿ, ಏನನ್ನೂ ನಿಲ್ಲಿಸಬೇಡಿ ಅಂದಿದ್ದಾರೆ. ಜಿಡ್ಡು ಮುಲಾಮು, ಮೃದುವಾದ ಒಂದು ಸ್ಟೀರಾಯ್ಡ್ ಬರೆದಿದ್ದಾರೆ. ತಂಗಿಗೆ ಇನ್ನೂ ಅರ್ಧ ನಂಬಿಕೆ. ನಿಮ್ಮ ಪತ್ರಿಕೆಯ ಆ ಪುಟ ಫ್ರಿಜ್ ಮೇಲೆ ಇನ್ನೂ ಅಂಟಿಕೊಂಡಿದೆಯಂತೆ.

ಸಂಪಾದಕರೇ, ಮನೆಮದ್ದಿನ ಬರಹ ನಿಲ್ಲಿಸಿ ಅಂತ ಕೇಳುತ್ತಿಲ್ಲ. ಒಂದು ಪದಾರ್ಥ ಬಿಡಿ ಅಂತ ಅಚ್ಚು ಹಾಕಿದರೆ, ಎಷ್ಟು ವಾರ ಬಿಡಬೇಕು, ಗುಣ ಕಾಣದಿದ್ದರೆ ಯಾವಾಗ ಮತ್ತೆ ಶುರು ಮಾಡಬೇಕು, ಯಾರು ಡಾಕ್ಟರನ್ನು ಕೇಳದೆ ಬಿಡಲೇಬಾರದು ಅನ್ನುವುದನ್ನೂ ಅದೇ ಬರಹದಲ್ಲಿ ಹಾಕಿ. ಹೋದ ವಾರದ್ದರಲ್ಲಿ ಇದು ಯಾವುದೂ ಇರಲಿಲ್ಲ. ಮಕ್ಕಳ ಮಟ್ಟಿಗಾದರೂ ಈ ವಾರವೇ ಒಂದು ತಿದ್ದುಪಡಿ ಹಾಕಿದರೆ, ನಾನೇ ಕತ್ತರಿಸಿ ಆ ಫ್ರಿಜ್ ಮೇಲೆ ಅಂಟಿಸಿ ಬರುತ್ತೇನೆ.

ಕಾಗದದ ಅಂಚಿನಲ್ಲಿ ಜಿಡ್ಡಿನ ಗುರುತು ಇದ್ದರೆ ಕ್ಷಮಿಸಿ. ಮುಲಾಮು ಹಚ್ಚಿದ ಮೇಲೆ ಬರೆಯಲು ಕೂತೆ.

ಇಂತಿ,
ಒಬ್ಬ ಓದುಗಳು